ನೀರಿನ ಪೇಂಟಿಗೆ ಮೊದಲು ಗಾಳಿ ಬೇಕು

ಎಣ್ಣೆ ಪೇಂಟ್ ಬಿಟ್ಟು, ಥಿನ್ನರ್ ಬದಲು ನೀರಿರುವ ವಾಟರ್ ಬೇಸ್‌ಗೆ ಬಂದ, ಕಬ್ಬಿಣದ ಬೀಮ್ ಬೆಸೆದು ಜೋಡಿಸುವ ಫ್ಯಾಬ್ರಿಕೇಷನ್ ಶೆಡ್‌ಗಳಿಂದ ಹೆಚ್ಚಾಗಿ ಕೇಳುವ ದೂರು ಇದು: "ಸಾರ್, ರಾತ್ರಿ ಪ್ರೈಮರ್ ಹೊಡೆದ್ವಿ, ಬೆಳಿಗ್ಗೆ ವೆಲ್ಡಿಂಗ್ ಮೇಲೆಲ್ಲ ಕಂದು ಚುಕ್ಕೆ." ಪೇಂಟೇ ಸರಿಯಿಲ್ಲ ಅಂತ ಡಬ್ಬ ವಾಪಸ್ ಕಳಿಸಲು ಹೊರಡುತ್ತಾರೆ. ನಾನು ಮೊದಲು ಕೇಳುವುದು, ಶೆಡ್ಡಿನ ಬಾಗಿಲು ತೆರೆದಿತ್ತಾ, ಫ್ಯಾನ್ ಓಡುತ್ತಿತ್ತಾ ಅಂತ.

ಎಣ್ಣೆ ಪೇಂಟಿನ ಟರ್ಪೆಂಟೈನ್ ಮಳೆಗಾಲದ ಗಾಳಿಯಲ್ಲೂ ಹಾರಿಹೋಗುತ್ತದೆ. ನೀರು ಹಾಗಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಪೇಂಟಿನ ನೀರು ಹೋಗುವುದಾದರೂ ಎಲ್ಲಿಗೆ? ಬರೀ ಕಬ್ಬಿಣದ ಮೇಲೇ ಕೂತು ತುಕ್ಕು ಹಿಡಿಸುತ್ತದೆ, ಆ ಕಂದು ಚುಕ್ಕೆ ಅದೇ. ತುಕ್ಕು ತಡೆಯುವ ರಾಸಾಯನಿಕ ಪೇಂಟಿನಲ್ಲೇ ಇರುತ್ತದೆ, ನಿಜ. ಆದರೆ ಒಣಗುವುದು ತೀರಾ ತಡವಾದರೆ ಅದೂ ಸೋಲುತ್ತದೆ. ಉಜ್ಜಿ ಚೊಕ್ಕ ಮಾಡದ ವೆಲ್ಡಿಂಗ್ ಗೆರೆಯಲ್ಲಿ ತುಕ್ಕು ಮೊದಲು ಕಾಣುತ್ತದೆ.

ಹಾಗಾಗಿ ತೇವಾಂಶ ಶೇ. 70ರ ಒಳಗಿದ್ದಾಗ ಕೆಲಸ ಮಾಡಿ. ಹೀಟರ್ ಹಚ್ಚಿ ಶೆಡ್ ಮುಚ್ಚಿಟ್ಟರೆ ಸಾಲದು, ತೇವದ ಗಾಳಿ ಹೊರಗೆ ಹೋಗಲೇಬೇಕು. ಬೀಮಿನ ಬಿಸಿಯನ್ನೂ ಅಳೆಯಿರಿ. ಗಾಳಿ 26 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಸುಮಾರು 20 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ಬೀಮ್ ಅದಕ್ಕಿಂತ 3 ಡಿಗ್ರಿಯಾದರೂ ಜಾಸ್ತಿ ಇರಬೇಕು. ರಾತ್ರಿಯಿಡೀ ತಣ್ಣಗಾದ ದಪ್ಪ ಬೀಮ್ ಬೆಳಿಗ್ಗೆ ಏಳಕ್ಕೆ ಅಷ್ಟು ಬಿಸಿ ಇರುವುದಿಲ್ಲ, ಅಲ್ವಾ? ಬಿಸಿಲೇರುವವರೆಗೆ ಕಾಯಿರಿ.

ಇನ್ನೊಂದು ವಿಷಯ ಜಿಡ್ಡು. ಎಣ್ಣೆ ಪೇಂಟ್ ಸ್ವಲ್ಪ ಜಿಡ್ಡನ್ನು ಸಹಿಸುತ್ತಿತ್ತು, ಇದು ಸಹಿಸುವುದಿಲ್ಲ. ಬೀಮಿನ ಮೇಲೆ ನೀರು ಚಿಮುಕಿಸಿ ನೋಡಿ. ತೆಳುವಾಗಿ ಹರಡಿಕೊಂಡರೆ ಸರಿ, ಮಣಿ ಮಣಿಯಾಗಿ ನಿಂತರೆ ಜಿಡ್ಡಿದೆ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಬ್ಲಾಸ್ಟಿಂಗ್ (ಮರಳಿನಂಥ ಕಾಳನ್ನು ರಭಸದಿಂದ ಚಿಮ್ಮಿಸಿ ಚೊಕ್ಕ ಮಾಡುವುದು) ಮಾಡಿ. ಮೊದಲೇ ಬ್ಲಾಸ್ಟಿಂಗ್ ಮಾಡಿದರೆ ಜಿಡ್ಡು ಇನ್ನೂ ಒಳಗೆ ಸೇರುತ್ತದೆ.

ಒಂದೇ ಸಲಕ್ಕೆ ದಪ್ಪವಾಗಿ ಬಳಿಯಬೇಡಿ. ಮೇಲೆ ಸಿಪ್ಪೆ ಕಟ್ಟಿ ನೀರು ಒಳಗೇ ಉಳಿಯುತ್ತದೆ. ಪರಿಮಾಣದಲ್ಲಿ ಶೇ. 40 ಘನಾಂಶವಿರುವ (ನೀರು ಹಾರಿದ ಮೇಲೆ ಉಳಿಯುವ ಭಾಗ) ಪೇಂಟಾದರೆ, ಒಣಗಿದ ಮೇಲೆ 75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಉಳಿಯಲು ಹಸಿಯಲ್ಲಿ ಹತ್ತಿರ ಹತ್ತಿರ 190 ಬೇಕು. ಎರಡು ಕೋಟ್ ಮಾಡಿ. ಪೇಂಟ್ ಹೊಡೆಯುವ ಸ್ಪ್ರೇ ಗನ್ನಿನಲ್ಲಿ ಹಳೆಯ ಥಿನ್ನರ್ ಉಳಿದಿದ್ದರೆ ಪೇಂಟ್ ಗಂಟುಕಟ್ಟುತ್ತದೆ, ಪೈಪ್ ಸಮೇತ ತೊಳೆಯಿರಿ.

ಇಷ್ಟೆಲ್ಲ ಯಾಕೆ ಅಂದರೆ, ಬಾಕ್ಸ್ ಗರ್ಡರ್ (ಪೆಟ್ಟಿಗೆಯಂಥ ಟೊಳ್ಳು ಬೀಮ್) ಒಳಗೆ ಕೂತು ಪೇಂಟ್ ಹೊಡೆಯುವ ಹುಡುಗ ಥಿನ್ನರ್ ಆವಿಯನ್ನು ಉಸಿರಾಡಬಾರದು ಅನ್ನುವುದಕ್ಕೋಸ್ಕರ. ಪಕ್ಕದಲ್ಲೇ ವೆಲ್ಡಿಂಗ್ ಕಿಡಿ ಹಾರುವ ಕಡೆ ಥಿನ್ನರ್ ಡ್ರಮ್ ಇಡುವ ಭಯವೂ ತಪ್ಪುತ್ತದೆ. ಜಿಐ (ಸತುವಿನ ಲೇಪವಿರುವ ಕಬ್ಬಿಣ) ಮೇಲಂತೂ ವಾಟರ್ ಬೇಸ್ ಅಕ್ರಿಲಿಕ್ಕೇ ಮೇಲು. ಸಾದಾ ಎನಾಮೆಲ್, ಅಂದರೆ ಎಣ್ಣೆ ಪೇಂಟ್, ಸತುವಿನ ಜೊತೆ ಸೇರಿ ಸೋಪಿನಂತಾಗಿ, ಕ್ರಮೇಣ ಹಾಳೆ ಹಾಳೆಯಾಗಿ ಏಳುತ್ತದೆ.

ಆದರೆ ಜುಲೈ ತಿಂಗಳಲ್ಲಿ ಮಂಗಳೂರಿನ ಕಡಲಂಚಿನ ಬಯಲಲ್ಲಿ ಇದನ್ನು ಬಳಿಯಿರಿ ಅಂತ ನಾನು ಹೇಳುವುದಿಲ್ಲ. ಒಣಗುವ ಮೊದಲೇ ಮಳೆ ಬಂದರೆ ಕೋಟ್ ತೊಳೆದುಹೋಗುತ್ತದೆ. ಅಲ್ಲಿಗೆ ಬೇಕಾದ ಬೀಮುಗಳಿಗೆ ಶೆಡ್ಡಿನಲ್ಲೇ ಪೂರ್ತಿ ಬಳಿದು, ಚೆನ್ನಾಗಿ ಒಣಗಿಸಿ ಕಳಿಸಿ.