ಅಕ್ಕನ ಮಗನಿಗೆ ಯಾವ ಪುಸ್ತಕ?

ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ಪುಸ್ತಕ ಕೊಡಿಸುವಾಗ ನಾವು ಮಾವಂದಿರು, ಚಿಕ್ಕಮ್ಮಂದಿರು ನೋಡುವುದು ಎರಡೇ: ಎಷ್ಟನೇ ಕ್ಲಾಸು, ಓದಿನಲ್ಲಿ ಹೇಗೆ. ಅವನಿಗೆ ಯಾವುದರ ಹುಚ್ಚು ಅಂತ ಕೇಳುವುದೇ ಇಲ್ಲ. ಕೇಳಬೇಕಾದದ್ದು ಅದನ್ನೇ.

ಅಮೆರಿಕದ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಏಳು, ಎಂಟನೇ ಕ್ಲಾಸಿನ 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಪಂದ್ಯದ ವರ್ಣನೆ ಓದಲು ಕೊಟ್ಟರು. ಪಕ್ಕದಲ್ಲೇ ಪುಟ್ಟ ಮೈದಾನದ ಮಾದರಿ, ಮರದ ಆಟಗಾರರು. ಓದಿದ್ದನ್ನು ಆ ಗೊಂಬೆಗಳನ್ನು ಓಡಾಡಿಸಿ ತೋರಿಸಬೇಕು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಜಾಣರಾಗಿದ್ದೂ ಆಟ ಗೊತ್ತಿಲ್ಲದವರನ್ನು ಮೀರಿಸಿದರು!

ಕಾರಣ ಸರಳ. ಬರೆದವರು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ. ‘ಸ್ಲಿಪ್‌ನಲ್ಲಿ ಕ್ಯಾಚ್ ಬಿಟ್ಟ’ ಅಂತ ಓದಿದ ಕ್ರಿಕೆಟ್ ಹುಚ್ಚನಿಗೆ ಬ್ಯಾಟಿನ ಅಂಚು, ಕೀಪರ್ ಪಕ್ಕದ ಫೀಲ್ಡರ್, ತಲೆ ಹಿಡಿದುಕೊಂಡ ಬೌಲರ್ ಎಲ್ಲ ಒಟ್ಟಿಗೇ ಕಾಣುತ್ತಾರೆ. ಆಟ ಗೊತ್ತಿಲ್ಲದವನಿಗೆ ಅಲ್ಲಿರುವುದು ಮೂರು ಪದ, ಅಷ್ಟೇ. ಹಾಗಾಗಿ ಹಾವು, ಬೈಕು, ದೆವ್ವ, ರಾಕೆಟ್ಟು ಯಾವುದರ ಹುಚ್ಚಾದರೂ ಸರಿ, ಅದರ ಪುಸ್ತಕವೇ ಇರಲಿ. ವ್ಯಕ್ತಿತ್ವ ವಿಕಸನದ ಪುಸ್ತಕ ಮಾತ್ರ ದಯವಿಟ್ಟು ಬೇಡ. ಅದು ಕೊಡುವವರ ಸಮಾಧಾನಕ್ಕೆ, ಅಲ್ವಾ?

ಭಾಷೆಯ ವಿಷಯವೂ ಇದೆ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರು ಕತೆಯನ್ನು ಯಾರ ಸಹಾಯವೂ ಇಲ್ಲದೆ ಅರ್ಥ ಮಾಡಿಕೊಳ್ಳಬೇಕಾದರೆ ನೂರರಲ್ಲಿ ಸುಮಾರು 98 ಪದ ಗೊತ್ತಿರಬೇಕು ಎಂದು 2000ದಲ್ಲಿ ಹೂ ಮತ್ತು ನೇಷನ್ ಎಂಬ ಸಂಶೋಧಕರು ಅಂದಾಜು ಮಾಡಿದರು. ಇಂಗ್ಲಿಷ್ ಮೀಡಿಯಂ ಹುಡುಗಿಗೆ ಕನ್ನಡ ಪುಸ್ತಕ ಆರಿಸುವಾಗಲೂ ಇದು ನೆನಪಿರಲಿ. ಅಂಗಡಿಯಲ್ಲೇ ನಡುವಿನ ಪುಟವೊಂದನ್ನು ಓದಲು ಬಿಡಿ. ಪುಟಕ್ಕೆ ಎಂಟು ಹತ್ತು ಕಡೆ ತಡವರಿಸಿದರೆ ಬೇರೆಯದನ್ನು ನೋಡಿ.

‘ಓದಿ ಮುಗಿಸಿದರೆ ನೂರು ರೂಪಾಯಿ’ ಅನ್ನುವ ಆಮಿಷವೂ ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಮಾತು ಕೊಟ್ಟು ಚಿತ್ರ ಬಿಡಿಸಲು ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದೇ ಕಡಿಮೆಯಾಗಿತ್ತು. ಹೇಳದೆ ಕೊಟ್ಟ ಬಹುಮಾನದಿಂದ ಹೀಗಾಗಲಿಲ್ಲ. ಅವರು ಪುಟ್ಟ ಮಕ್ಕಳು, ಅದೂ ಚಿತ್ರ. ಆದರೂ ಓದಿಗೆ ಕೂಲಿ ಕೊಡುವ ಮುಂಚೆ ಯೋಚಿಸಬೇಕಾದ ಮಾತು.

ಇನ್ನು ಸರಣಿ ಪುಸ್ತಕಗಳು. ‘ಅದೇ ಅದೇ ಓದ್ತಾನೆ’ ಅಂತ ದೊಡ್ಡವರ ಗೊಣಗಾಟ. ಓದಲಿ ಬಿಡಿ. ಮೊದಲ ಪುಸ್ತಕದಲ್ಲೇ ಊರು, ಪಾತ್ರ, ಮಾತಿನ ಧಾಟಿ ಎಲ್ಲ ಪರಿಚಯವಾಗಿರುತ್ತದೆ. ಎರಡನೆಯದಕ್ಕೆ ಬರುವಾಗ ಅವನೂ ಬೇಸ್‌ಬಾಲ್ ಗೊತ್ತಿದ್ದ ಆ ಮಕ್ಕಳ ಹಾಗೆಯೇ. ಆದರೆ ಇಡೀ ಸೆಟ್ ಒಟ್ಟಿಗೆ ಕೊಳ್ಳಬೇಡಿ. ಒಂದನೇ ಭಾಗ ಕೊಟ್ಟು ಸುಮ್ನೆ ಇರಿ. ಎರಡನೆಯದು ಬೇಕಾದರೆ ಅವನೇ ಫೋನ್ ಮಾಡುತ್ತಾನೆ.