ಹವಾಮಾನ ಹಣಕಾಸು: ಸ್ನಾತಕೋತ್ತರ ಪದವಿ ನೆರವಿಗೆ ಬರುವುದು ಎಲ್ಲಿ?

ಎಂ.ಕಾಂ., ಎಂ.ಎಸ್ಸಿ. ಅಥವಾ ಅರ್ಥಶಾಸ್ತ್ರದ ಎಂ.ಎ. ಮುಗಿಸಿದವರಿಗೆ ಹವಾಮಾನ ಹಣಕಾಸು (ಹವಾಮಾನ ಬದಲಾವಣೆಯನ್ನು ತಡೆಯುವ, ಅದಕ್ಕೆ ಹೊಂದಿಕೊಳ್ಳುವ ಕೆಲಸಗಳಿಗೆ ಹಣ ಒದಗಿಸುವ) ಕ್ಷೇತ್ರದಲ್ಲಿ ಕೆಲಸ ಸಿಗುತ್ತದೆಯೇ ಎಂದು ತುಮಕೂರಿನ ವಿದ್ಯಾರ್ಥಿಗಳು ನನ್ನನ್ನು ಮೇಲಿಂದ ಮೇಲೆ ಕೇಳುತ್ತಾರೆ. ಸಿಗುತ್ತದೆ. ಆದರೆ ಒಂದು ಯೋಜನೆಯ ಹಣದ ಲೆಕ್ಕವನ್ನೂ ಇಂಗಾಲದ ಲೆಕ್ಕವನ್ನೂ ಒಂದೇ ಹಾಳೆಗೆ ತಂದು, ಸ್ಥಳಕ್ಕೆ ಹೋಗಿ ಅದನ್ನು ತಾಳೆ ನೋಡುವ ಅಭ್ಯಾಸ ಆ ಎರಡು ವರ್ಷಗಳಲ್ಲಿ ಬಂದಿರಬೇಕು. ಸಾಲದ ಪ್ರಸ್ತಾವಗಳನ್ನು ಪರಿಶೀಲಿಸುವ ವೃತ್ತಿಯಲ್ಲಿ ನಾನು ಕಂಡಂತೆ, ಪದವಿಯ ಹೆಸರಿಗಿಂತ ಈ ಅಭ್ಯಾಸಕ್ಕೇ ಬೆಲೆ ಹೆಚ್ಚು.

ಬೇಡಿಕೆ ಹುಟ್ಟಿದ್ದು ನಿಯಮಗಳಿಂದ. 2022–23ರಿಂದ ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಮೊದಲ 1,000 ಕಂಪನಿಗಳು ಸುಸ್ಥಿರತಾ ವರದಿ ಸಲ್ಲಿಸುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯಗೊಳಿಸಿತು. ಅದೇ ಹಣಕಾಸು ವರ್ಷದಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಹಸಿರು ಬಾಂಡ್ (ಪರಿಸರಸ್ನೇಹಿ ಯೋಜನೆಗಳಿಗೆಂದೇ ಹಣ ಎತ್ತುವ ಸಾಲಪತ್ರ) ಹೊರಡಿಸಿ 16,000 ಕೋಟಿ ರೂಪಾಯಿ ಎತ್ತಿತು. 2023ರ ಜೂನ್ 1ರಿಂದ ಹಸಿರು ಠೇವಣಿಗಳಿಗೆ ರಿಸರ್ವ್ ಬ್ಯಾಂಕಿನ ಚೌಕಟ್ಟು ಜಾರಿಗೆ ಬಂತು. ಇವೆಲ್ಲಕ್ಕೂ, ಹಣ ಹೇಳಿದ ಕೆಲಸಕ್ಕೇ ಹೋಯಿತೇ, ಹೇಳಿದಷ್ಟು ಫಲ ಬಂತೇ ಎಂದು ನೋಡಿ ಬರೆದುಕೊಡುವ ಜನ ಬೇಕು.

ಆ ಕೆಲಸ ಹೇಗಿರುತ್ತದೆ ಎಂಬುದನ್ನು ನಮ್ಮ ಜಿಲ್ಲೆಯ ಪಾವಗಡದಿಂದಲೇ ತಿಳಿಯಬಹುದು. ಅಲ್ಲಿನ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್, ವಿಸ್ತೀರ್ಣ ಸುಮಾರು 13,000 ಎಕರೆ. ಅಂದರೆ ಒಂದು ಮೆಗಾವಾಟಿಗೆ ಆರು ಎಕರೆಗಿಂತ ತುಸು ಹೆಚ್ಚು. ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಈಗ ಲೆಕ್ಕ ಹಾಕೋಣ. ಸ್ಥಾವರ ತನ್ನ ಸಾಮರ್ಥ್ಯದ ಶೇ 20ರಷ್ಟು ವಿದ್ಯುತ್ ಕೊಡುತ್ತದೆ ಎಂದು ಹಿಡಿದರೆ ಒಂದು ಮೆಗಾವಾಟಿನಿಂದ ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್ ಬರುತ್ತದೆ. ಯೂನಿಟ್‌ಗೆ 3 ರೂಪಾಯಿ ಎಂದಿಟ್ಟುಕೊಂಡರೆ ಆದಾಯ 52 ಲಕ್ಷ ದಾಟುತ್ತದೆ. ನಮ್ಮ ಗ್ರಿಡ್ಡಿನ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ತಪ್ಪಿದ ಹೊರಸೂಸುವಿಕೆ 1,200 ಟನ್ನಿನ ಆಸುಪಾಸು. ಜಮೀನಿನ ಮೊದಲ ವರ್ಷದ ಗುತ್ತಿಗೆ 1.33 ಲಕ್ಷ, ಎಂದರೆ ಆದಾಯದ ಶೇ 2.5ರಷ್ಟು ಮಾತ್ರ. ಆದರೆ ಆ ಶೇ 20 ಎಂಬುದು ಶೇ 18ಕ್ಕೆ ಇಳಿದರೆ ಐದು ಲಕ್ಷಕ್ಕೂ ಮಿಕ್ಕಿ ಆದಾಯ ಖೋತಾ ಆಗುತ್ತದೆ. ಅದು ಗುತ್ತಿಗೆಯ ಸುಮಾರು ನಾಲ್ಕು ಪಟ್ಟು. ಸಾಲದ ಕಂತು ಕಟ್ಟಲಾಗುವುದೇ ಇಲ್ಲವೇ ಎಂಬುದು ನಿರ್ಧಾರವಾಗುವುದು ಇಲ್ಲಿ, ಮತ್ತು ಬಯಲುಸೀಮೆಯಲ್ಲಿ ಈ ಇಳಿತಕ್ಕೆ ಒಂದು ದೊಡ್ಡ ಕಾರಣ ಧೂಳು.

ಕೆಲವು ವರ್ಷಗಳ ಹಿಂದೆ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದ ಯುವತಿಯೊಬ್ಬರು ಸಂದರ್ಶನಕ್ಕೆ ಬಂದಿದ್ದರು. ಅಂಕಪಟ್ಟಿ ಸಾಧಾರಣವಾಗಿತ್ತು. ಅದರ ಜೊತೆಯಲ್ಲಿ ಅಂಚು ಸವೆದ ಒಂದು ನೋಟ್‌ಬುಕ್ ಇತ್ತು. ಕಾಲೇಜಿನ ಚಾವಣಿಯ ಸೌರ ಫಲಕಗಳನ್ನು ತೊಳೆಯುವ ಹಿಂದಿನ ದಿನ ಮತ್ತು ಮರುದಿನ ಮೀಟರ್ ತೋರಿಸಿದ ಅಂಕಿ, ಬಳಸಿದ ನೀರು ಎಷ್ಟು ಬಿಂದಿಗೆ ಎಂಬುದು, ನಾಲ್ಕು ತಿಂಗಳು ಬಿಡದೆ ಅದರಲ್ಲಿ ದಾಖಲಾಗಿತ್ತು. ನಾವು ಕೊಟ್ಟ ಮಾದರಿ ಪ್ರಸ್ತಾವವನ್ನು ಓದಿ, "ಸರ್, ತೊಳೆಯೋ ನೀರಿನ ಖರ್ಚು ಇದರಲ್ಲಿ ಎಲ್ಲಿದೆ?" ಎಂದು ಅವರು ಕೇಳಿದರು. ಅದು 'ಇತರೆ ವೆಚ್ಚ'ದೊಳಗೆ, 25 ವರ್ಷವೂ ಒಂದೇ ಮೊತ್ತವಾಗಿ ಕೂತಿತ್ತು. ಕೊಳವೆಬಾವಿ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಸೀಮೆಯಲ್ಲಿ ನೀರಿನ ಬೆಲೆ ಹಾಗೆ ನಿಲ್ಲುವುದಿಲ್ಲ. ಅವರನ್ನು ತೆಗೆದುಕೊಂಡೆವು, ನಗದು ಹರಿವಿನ ಪಟ್ಟಿ ಮಾಡುವುದನ್ನು ಅವರು ಕೆಲಸಕ್ಕೆ ಸೇರಿದ ಮೇಲೆ ಕಲಿತರು.

ತಪ್ಪಿಸಿದ ಹೊರಸೂಸುವಿಕೆಯನ್ನು ಕ್ರೆಡಿಟ್‌ಗಳಾಗಿ ಮಾರುವ ಇಂಗಾಲದ ಮಾರುಕಟ್ಟೆಯೂ ನಮ್ಮ ಭಾಗಕ್ಕೆ ಹೊಸದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಕೂಲಿ ಸಂಘದ 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆ ಹೊರಸೂಸುವಿಕೆ ತಗ್ಗಿಸುವ ಅಂತರರಾಷ್ಟ್ರೀಯ ಕ್ಯೋಟೋ ಒಪ್ಪಂದದ ವ್ಯವಸ್ಥೆಯಡಿ 2005ರಲ್ಲೇ ನೋಂದಣಿಯಾಗಿತ್ತು. ಇಂಥ ಯೋಜನೆಯಲ್ಲಿ ಕ್ರೆಡಿಟ್ ಹುಟ್ಟುವುದು ಒಲೆ ಉರಿದಾಗ ಮಾತ್ರ. ಹಸು ಮಾರಿದ ಮನೆಯಲ್ಲಿ ಸಗಣಿ ಇರುವುದಿಲ್ಲ, ಗುಂಡಿ ಒಣಗುತ್ತದೆ, ಆ ದಿನಗಳನ್ನು ಕಳೆಯಬೇಕು. 2012ರ ಹೊತ್ತಿಗೆ ಆ ಕ್ರೆಡಿಟ್‌ಗಳ ಬೆಲೆ ಕುಸಿದದ್ದನ್ನೂ ವಿದ್ಯಾರ್ಥಿಗಳು ಓದಿಕೊಳ್ಳಬೇಕು, ಏಕೆಂದರೆ 2023ರಲ್ಲಿ ಭಾರತ ತನ್ನದೇ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಪ್ರಕಟಿಸಿದೆ.

ವಾಣಿಜ್ಯ ಓದಿದವರಿಗೆ ಯೂನಿಟ್, ಟನ್, ಮಳೆಯ ಮಿಲಿಮೀಟರ್ ಅಪರಿಚಿತ. ವಿಜ್ಞಾನ ಓದಿದವರಿಗೆ ಬಡ್ಡಿ ಮತ್ತು ಸವಕಳಿ ಅಪರಿಚಿತ. ಆ ಕೊರತೆಯನ್ನು ಐಚ್ಛಿಕ ವಿಷಯದಿಂದಲೋ ಪಕ್ಕದ ವಿಭಾಗದ ಅಧ್ಯಾಪಕರ ನೆರವಿನಿಂದಲೋ ತುಂಬಿಕೊಳ್ಳಬಹುದು. ಆನ್‌ಲೈನ್ ಸರ್ಟಿಫಿಕೇಟುಗಳು ಪದಗಳನ್ನು ಕಲಿಸುತ್ತವೆ, ಅಷ್ಟು ಮಟ್ಟಿಗೆ ಉಪಯುಕ್ತ. ಪದವಿಗಾಗಿ ಸ್ವಂತ ಅಧ್ಯಯನ ಮಾಡಿ ಬರೆಯುವ ಪ್ರಬಂಧದ ಜಾಗವನ್ನು ಅವು ತುಂಬಲಾರವು.

ಹೆಚ್ಚು ಮಂದಿ ಕೈಹಾಕದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗತ್ಯವಾದ ಕೆಲಸವೆಂದರೆ ಹೊಂದಾಣಿಕೆಯ, ಅಂದರೆ ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸಗಳ, ಲೆಕ್ಕ. ಸೌರ ಸ್ಥಾವರ ವಿದ್ಯುತ್ ಮಾರುತ್ತದೆ. ತುಂಬಿದ ಕೆರೆ ಏನನ್ನೂ ಮಾರುವುದಿಲ್ಲ, ಆದ್ದರಿಂದ ಅದಕ್ಕೆ ಸಾಲ ಹುಟ್ಟುವುದು ಕಷ್ಟ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದೆ. ನೀರೆತ್ತುವ ಪಂಪುಗಳ ವಿದ್ಯುತ್ ವೆಚ್ಚ ಒಂದು ಕಡೆ, ಸುತ್ತಲ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದು ರೈತರಿಗೆ ಆದ ಉಳಿತಾಯ ಇನ್ನೊಂದು ಕಡೆ, ನೀರನ್ನು ಇನ್ನಷ್ಟು ಶುದ್ಧಗೊಳಿಸುವ ಮೂರನೇ ಹಂತದ ಸಂಸ್ಕರಣೆ ಬೇಕೆಂಬ ರೈತರ ಬೇಡಿಕೆಗೆ ತಗಲುವ ಖರ್ಚು ಮತ್ತೊಂದು ಕಡೆ: ಇದನ್ನು ಒಂದೇ ಒಂದು ಕೆರೆಯ ಮಟ್ಟಿಗೆ ಸರಿಯಾಗಿ ಮಾಡಿದ ಪ್ರಬಂಧವನ್ನು ಯಾವ ಸಂದರ್ಶಕರೂ ಪಕ್ಕಕ್ಕಿಡಲಾರರು. ಬಾವಿಯ ನೀರಿನ ಮಟ್ಟವನ್ನು ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅಳೆಯಬೇಕಾಗುವುದರಿಂದ, ಕೊನೆಯ ಸೆಮಿಸ್ಟರಿಗೆ ಕಾಯದೆ ಎರಡನೆಯ ಸೆಮಿಸ್ಟರಿನಲ್ಲೇ ಮಾರ್ಗದರ್ಶಕರ ಒಪ್ಪಿಗೆ ಪಡೆದುಕೊಳ್ಳಬೇಕು.