ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಾರೆ, ಬದಲಿಸಲೇಬೇಕಾ?

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು. 95,000 ಕಿ.ಮೀ. ಓಡಿದೆ. ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ಮೈಲೇಜ್ ಕೂಡ ಇಳಿದಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಅಂದರು. ಬಿಚ್ಚಿ ಕ್ಲೀನ್ ಮಾಡಿದರೆ ಸಾಲದಾ?

ಉತ್ತರ: ಆಕ್ಸಿಜನ್ ಸೆನ್ಸರ್ ಅಂದರೆ ಸೈಲೆನ್ಸರ್ ಪೈಪಿನಲ್ಲಿ ಕೂತು, ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಅಳೆಯುವ ಭಾಗ. ಅದನ್ನು ಕ್ಲೀನ್ ಮಾಡಿ ಪ್ರಯೋಜನವಿಲ್ಲ. ಹಾಗಂತ ಈಗಲೇ ಹೊಸದನ್ನು ಕೊಳ್ಳಲೂ ಹೋಗಬೇಡಿ. ಸ್ಕ್ಯಾನರ್ ತೋರಿಸಿದ ಕೋಡ್ ಯಾವುದು ಅಂತ ಮೊದಲು ಕೇಳಿ ಬರೆದುಕೊಳ್ಳಿ.

ಕೋಡ್ ಪಿ0135 ಆಗಿದ್ದರೆ ತೊಂದರೆ ಸೆನ್ಸರ್ ಒಳಗಿನ ಹೀಟರ್ ಕಡೆಯದು. ಆಗಲೂ ಮೊದಲು ಫ್ಯೂಸ್ ಮತ್ತು ವೈರ್ ನೋಡಬೇಕು. ಪಿ0171 ಬಂದಿದ್ದರೆ ಕಥೆಯೇ ಬೇರೆ. ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗುತ್ತಿದೆ ಅಂತ ಸೆನ್ಸರ್ ಹೇಳುತ್ತಿದೆ. ಅದು ನಿಜವನ್ನೇ ಹೇಳುತ್ತಿರಬಹುದು, ಅಲ್ವಾ? ನಮ್ಮ ಮನೆಯ ಕಾರಿನಲ್ಲಿ ಆಗಿದ್ದು ಇದೇ. ಹೊಸ ಸೆನ್ಸರ್ ಹಾಕಿಸಿದೆವು, ಒಂದೇ ವಾರದಲ್ಲಿ ಲೈಟ್ ಮತ್ತೆ ಬಂತು. ಕೊನೆಗೆ ನೋಡಿದರೆ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಪಕ್ಕದ ಬೆರಳು ದಪ್ಪದ ವ್ಯಾಕ್ಯೂಮ್ ಹೋಸ್ ಎಂಬ ರಬ್ಬರ್ ಪೈಪ್ ಸೀಳಿತ್ತು. ಹಳೆಯ ಕಾರುಗಳಲ್ಲಿ ರಬ್ಬರ್ ಒಣಗಿ ಹೀಗಾಗುವುದು ತುಂಬ ಸಾಮಾನ್ಯ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಇದೇ ಕೋಡ್ ಬರಬಹುದು.

ಸೆನ್ಸರ್ ಬದುಕಿದೆಯಾ ಅಂತ ತಿಳಿಯುವುದು ಕಷ್ಟವಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಎಂಜಿನ್‌ಗೆ ಹತ್ತಿರವಿರುವ ಮುಂದಿನ ಸೆನ್ಸರ್‌ನ ವೋಲ್ಟೇಜ್ ನೋಡಿ. ಸಾಮಾನ್ಯ ಜಿರ್ಕೋನಿಯಾ (ಒಂದು ಬಗೆಯ ಪಿಂಗಾಣಿ) ಸೆನ್ಸರ್ ಆದರೆ ಅದು 0.1 ಮತ್ತು 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯುತ್ತಿರಬೇಕು. ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿದರೆ 0.8ರ ಮೇಲೆ ಹೋಗಿ, ಬಿಟ್ಟ ತಕ್ಷಣ ಸೊನ್ನೆಯ ಹತ್ತಿರ ಬರಬೇಕು. ಬಂದರೆ ಸೆನ್ಸರ್ ಬದುಕಿದೆ. ಒಂದೇ ಕಡೆ ನಿಂತಿದ್ದರೆ ಅಥವಾ ಆಲಸಿಯಂತೆ ನಿಧಾನವಾಗಿ ಏಳುತ್ತಿದ್ದರೆ ಬದಲಿಸಿ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ನಂತರ ಇರುವ ಸೆನ್ಸರ್ ಮಾತ್ರ ಇದಕ್ಕೆ ಉಲ್ಟಾ. ಅದರ ವೋಲ್ಟೇಜ್ ಹೆಚ್ಚು ಕಡಿಮೆ ಸ್ಥಿರವಾಗಿರುವುದೇ ಸರಿ.

ಹೀಟರ್ ಇರುವ ಸೆನ್ಸರ್ ಸಾಮಾನ್ಯವಾಗಿ 1 ಲಕ್ಷ ಕಿ.ಮೀ. ಆಸುಪಾಸು ಬಾಳುತ್ತದೆ. ಹಾಗಾಗಿ ನಿಮ್ಮದು ನಿಜವಾಗಿ ಸೋತಿರಲೂಬಹುದು. ಪೆಟ್ರೋಲ್‌ನಲ್ಲಿ ಅದ್ದಿ ಬ್ರಷ್ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ತುದಿಯ ಒಳಗಿರುವುದು ಪಿಂಗಾಣಿ, ಅದರ ಮೇಲೆ ತೆಳು ಪ್ಲಾಟಿನಂ ಲೇಪ. ಒಮ್ಮೆ ಕೆಟ್ಟರೆ ಉಜ್ಜಿ ಸರಿಮಾಡಲು ಆಗುವುದಿಲ್ಲ.

ಬದಲಿಸುವಾಗ ಕಷ್ಟವೆಲ್ಲ ಬಿಚ್ಚುವುದರಲ್ಲೇ. ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಡಿ. ಬೆಳಿಗ್ಗೆ ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಪೈಪ್ ಸ್ವಲ್ಪ ಬೆಚ್ಚಗಿರುವಾಗ ಕೈಗವಸು ಹಾಕಿಕೊಂಡು 22 ಎಂಎಂ ಸ್ಪ್ಯಾನರ್‌ನಿಂದ ಬಿಚ್ಚಿ. ಕಾರಿನ ಕೆಳಗೆ ಹೋಗಬೇಕಾದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ನಿಮ್ಮ ಕಾರಿನದೇ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಇರುವ ಸೆನ್ಸರ್ ತನ್ನಿ. ವೈರ್ ಕತ್ತರಿಸಿ ಸೋಲ್ಡರ್ ಹಾಕುವ ಸಹವಾಸ ಬೇಡ. ಎಷ್ಟೋ ಸೆನ್ಸರ್‌ಗಳು ಹೊಗೆಯ ಜೊತೆ ಹೋಲಿಸಿ ನೋಡಲು ಬೇಕಾದ ಹೊರಗಿನ ಗಾಳಿಯನ್ನು ವೈರಿನ ಒಳಗಿಂದಲೇ ಎಳೆದುಕೊಳ್ಳುತ್ತವೆ. ಸೋಲ್ಡರ್ ಆ ದಾರಿ ಮುಚ್ಚುತ್ತದೆ. ಕಪ್ಲರ್‌ಗೆ ಗ್ರೀಸ್ ಬಳಿಯಬಾರದು ಅನ್ನುವುದೂ ಇದಕ್ಕೇ. ಥ್ರೆಡ್‌ಗೆ ಹಚ್ಚುವ ಪೇಸ್ಟ್ ಹೊಸ ಸೆನ್ಸರ್ ಮೇಲೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ತುದಿಗೆ ತಾಗದಂತೆ ನೋಡಿಕೊಳ್ಳಿ.

ಹೊಸದನ್ನು ಕೂರಿಸುವ ಮೊದಲು ಹಳೆಯದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿ ಪುಡಿಯಂತಿದ್ದರೆ ಯಾರೋ ಎಂಜಿನ್‌ಗೆ ಸಿಲಿಕೋನ್ ಗಮ್ ಬಳಿದಿರಬಹುದು, ಇಲ್ಲವೇ ಕೂಲಂಟ್ ಒಳಗೆ ಸೋರಿ ಸುಡುತ್ತಿರಬಹುದು. ಕೂಲಂಟ್ ಡಬ್ಬಿಯ ಮಟ್ಟ ಆಗಾಗ ಇಳಿಯುತ್ತಿದ್ದರೆ ಸೋರಿಕೆಯನ್ನು ಮೊದಲು ಸರಿಮಾಡಿಸಿ. ಇಲ್ಲದಿದ್ದರೆ ಹೊಸ ಸೆನ್ಸರ್ ಕೂಡ ಅದೇ ದಾರಿ ಹಿಡಿಯುತ್ತದೆ.